ಕಟ್ಟುವ ಹುರಿಯ ಚರಿತ್ರೆ

ಕೋಟೆಕೊತ್ತಲಗಳಿಗೂ ದಂಡಯಾತ್ರೆಗಳಿಗೂ ಚರಿತ್ರೆಯುಂಟು. ಅಂಗಡಿಯವನು ಪೊಟ್ಟಣಕ್ಕೆ ಸುತ್ತಿ ಕೊಡುವ ಒಂದು ಮಾರು ಹುರಿಗೂ ಚರಿತ್ರೆಯುಂಟೆಂದು ಮಾತ್ರ ಯಾರೂ ಎಣಿಸುವುದಿಲ್ಲ. ಆದರೆ ಕಟ್ಟಿಲ್ಲದೆ ಸರಕು ಊರಿಂದೂರಿಗೆ ಸಾಗದು. ಸರಕು ಸಾಗದೆ ವ್ಯಾಪಾರವಿಲ್ಲ. ಈ ಕಿರುವಸ್ತುವಿನ ಜಾಡನ್ನು ಹಿಡಿದು ಹೊರಟರೆ ವಂಗದೇಶದ ಕೆರೆಕುಂಟೆಗಳೂ ಸ್ಕಾಟ್ಲೆಂಡಿನ ಒಂದು ಬಂದರೂ ಇಟಲಿಯ ಒಂದು ಪ್ರಯೋಗಶಾಲೆಯೂ ಒಂದೇ ಎಳೆಯಲ್ಲಿ ಪೋಣಿಸಿದಂತೆ ಕಂಡುಬರುತ್ತವೆ.

ಪೂರ್ವದಲ್ಲಿ ಆಯಾ ಸೀಮೆಯ ಜನರು ತಮ್ಮ ನೆಲದಲ್ಲಿ ದೊರೆತ ನಾರಿನಿಂದಲೇ ತಮ್ಮ ಕಟ್ಟುಗಳನ್ನು ಕಟ್ಟುತ್ತಿದ್ದರು. ಕನ್ನಡ ನಾಡಿನಲ್ಲಿ ಹೂಮಾಲೆಗೂ ವೀಳ್ಯದೆಲೆಯ ಕಟ್ಟಿಗೂ ಬಾಳೆಯ ನಾರು, ಕರಾವಳಿಯಲ್ಲಿ ತೆಂಗಿನ ನಾರು, ಬಯಲುಸೀಮೆಯಲ್ಲಿ ಪುಂಡಿಯ ನಾರು ಮತ್ತು ಕತ್ತಾಳೆ ಬಳಕೆಯಲ್ಲಿದ್ದುವು. ಒಂದೊಂದು ನಾರಿಗೂ ಒಂದೊಂದು ಗುಣ. ಬಾಳೆಯ ನಾರು ಮೃದುವಾದುದರಿಂದ ಹೂವಿನ ತೊಟ್ಟನ್ನು ಕೊಯ್ಯದು. ತೆಂಗಿನ ನಾರು ಉಪ್ಪುನೀರಿನಲ್ಲಿಯೂ ಬೇಗನೆ ಕೊಳೆಯದು. ಇವೆಲ್ಲಕ್ಕೂ ಸಾಮಾನ್ಯವಾದ ಇನ್ನೊಂದು ಗುಣವುಂಟು: ಕೆಲಸ ತೀರಿದ ಬಳಿಕ ತಿಪ್ಪೆಗೆ ಬಿದ್ದು ಅವು ಮಣ್ಣಾಗುತ್ತಿದ್ದುವು. ಅದು ಒಂದು ಗುಣವೆಂಬುದು ಆ ಕಾಲದಲ್ಲಿ ಯಾರ ಗಮನಕ್ಕೂ ಬಂದಿರಲಾರದು.

ಊರಿನ ನಾರನ್ನು ಮೊದಲು ಹಿಂದಕ್ಕೆ ತಳ್ಳಿದುದು ವಂಗದೇಶದ ಸೆಣಬು. ಅಲ್ಲಿಯ ರೈತನು ಕೊಯ್ದ ಸೆಣಬಿನ ದಂಟನ್ನು ಎರಡು ಮೂರು ವಾರ ನೀರಿನಲ್ಲಿ ಕೊಳೆಹಾಕಿ, ಸೊಂಟಮಟ್ಟದ ನೀರಿನಲ್ಲಿ ನಿಂತು ನಾರನ್ನು ಸುಲಿದು ತೆಗೆಯುವನು. ಈ ನಾರು ಅಗ್ಗವಾದರೂ ಯಂತ್ರಕ್ಕೆ ಒಗ್ಗದಷ್ಟು ಪೆಡಸಾಗಿತ್ತು. ಸ್ಕಾಟ್ಲೆಂಡಿನ ಡಂಡೀ ಪಟ್ಟಣವು ತಿಮಿಂಗಿಲದ ಬೇಟೆಗೂ ಪ್ರಸಿದ್ಧವಾದ ಬಂದರು. 1830ರ ದಶಕದಲ್ಲಿ ಅಲ್ಲಿಯವರು ನಾರಿಗೆ ನೀರನ್ನೂ ತಿಮಿಂಗಿಲದ ಎಣ್ಣೆಯನ್ನೂ ಹಾಕಿ ಮೆತ್ತಗೆ ಮಾಡಿ ಯಂತ್ರದಲ್ಲಿ ನೂಲುವ ಉಪಾಯವನ್ನು ಸಾಧಿಸಿದರು. 1853ರಿಂದ 1856ರ ವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ರಷ್ಯಾದಿಂದ ಬರುತ್ತಿದ್ದ ಅಗಸೆಯ ನಾರಿಗೆ ಅಡ್ಡಿಯುಂಟಾಗಲು, ಸೆಣಬಿಗೆ ಇನ್ನಷ್ಟು ಬೆಲೆ ಬಂದಿತು. 1855ರಲ್ಲಿ ಜಾರ್ಜ್ ಆಕ್ಲೆಂಡ್ ಎಂಬಾತನು ಡಂಡೀಯಿಂದ ಯಂತ್ರಗಳನ್ನು ತರಿಸಿ ಹೂಗ್ಲೀ ನದಿಯ ದಡದಲ್ಲಿರುವ ರಿಶ್ರಾದಲ್ಲಿ ಗಿರಣಿಯನ್ನು ಹೂಡಿದನು. ಅಲ್ಲಿಂದ ಮುಂದೆ ಕಲ್ಕತ್ತೆಯ ಸುತ್ತಣ ಗಿರಣಿಗಳು ಬೆಳೆಬೆಳೆದು ಡಂಡೀಯನ್ನೇ ಮೀರಿಸಿದುವು. ಅಕ್ಕಿ, ಗೋಧಿ, ಸಕ್ಕರೆ, ಕಾಫಿಗಳು ಗೋಣಿಚೀಲವನ್ನು ಸೇರಿ, ಸೆಣಬಿನ ಹುರಿಯಿಂದ ಬಾಯಿ ಹೊಲಿಸಿಕೊಂಡು ದೇಶದೇಶಗಳಿಗೆ ಹೋದುವು.

1947ರ ದೇಶವಿಭಜನೆಯು ಈ ವೈಭವಕ್ಕೆ ಬಿದ್ದ ಮೊದಲನೆಯ ಪೆಟ್ಟು. ಗಿರಣಿಗಳೆಲ್ಲ ಭಾರತದ ಕಡೆ ಉಳಿದುವು. ಉತ್ತಮವಾದ ಸೆಣಬು ಬೆಳೆಯುವ ಭೂಮಿಯಲ್ಲಿ ಬಹುಭಾಗ ಪೂರ್ವ ಬಂಗಾಳಕ್ಕೆ ಸಂದಿತು. ಅಲ್ಲಿ 1951ರಲ್ಲಿ ನಾರಾಯಣಗಂಜದ ಆದಂಜೀ ಗಿರಣಿಯು ಪ್ರಾರಂಭವಾಗಿ, ಮುಂದೆ ಜಗತ್ತಿನಲ್ಲಿಯೇ ಅತಿ ದೊಡ್ಡ ಸೆಣಬಿನ ಗಿರಣಿಯೆನಿಸಿತು. ಆದರೆ ಎರಡನೆಯ ಪೆಟ್ಟು ಹೊಲದಿಂದ ಬರಲಿಲ್ಲ, ಕಲ್ಲೆಣ್ಣೆಯಿಂದ ಬಂದಿತು.

1954ರಲ್ಲಿ ಇಟಲಿಯ ಮಿಲಾನಿನಲ್ಲಿ ಜೂಲಿಯೋ ನಟ್ಟಾ ಎಂಬ ರಸಾಯನಶಾಸ್ತ್ರಜ್ಞನು, ಜರ್ಮನಿಯ ಕಾರ್ಲ್ ಝೀಗ್ಲರನ ಶೋಧವನ್ನು ಆಧಾರವಾಗಿಟ್ಟುಕೊಂಡು, ಪ್ರೊಪಿಲೀನ್ ಎಂಬ ಅನಿಲದ ಅಣುಗಳನ್ನು ಉದ್ದವಾದ ಸರಪಳಿಗಳಾಗಿ ಕ್ರಮದಿಂದ ಜೋಡಿಸಿ ಪಾಲಿಪ್ರೊಪಿಲೀನ್ ಎಂಬ ಗಟ್ಟಿಯಾದ ಪದಾರ್ಥವನ್ನು ಪಡೆದನು. 1957ರಲ್ಲಿ ಇಟಲಿಯ ಫೆರಾರಾದಲ್ಲಿ ಇದರ ತಯಾರಿಕೆಯು ಮೊದಲಾಯಿತು. 1963ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಬಹುಮಾನವು ಸಂದಿತು. ಈ ಪದಾರ್ಥವನ್ನು ಕರಗಿಸಿ ತೆಳುವಾದ ಹಾಳೆಯಾಗಿ ಹರಡಿ, ಪಟ್ಟಿಗಳಾಗಿ ಸೀಳಿ, ಬಿಸಿಯಲ್ಲಿ ಹಲವು ಪಟ್ಟು ಉದ್ದಕ್ಕೆ ಜಗ್ಗಿದರೆ ಅಣುಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಪ್ಲಾಸ್ಟಿಕ್ ದಾರವು ಉಗುರು ತಾಗಿದರೆ ಉದ್ದಕ್ಕೆ ಎಳೆಎಳೆಯಾಗಿ ಸೀಳುವುದಕ್ಕೂ, ಎಷ್ಟು ಜಗ್ಗಿದರೂ ಅಡ್ಡಲಾಗಿ ಸುಲಭವಾಗಿ ಕಡಿಯದಿರುವುದಕ್ಕೂ ಇದೇ ಕಾರಣ.

ಹೊಸ ದಾರವು ನೀರನ್ನು ಹೀರದು; ಕೊಳೆಯದು; ನೀರಿಗಿಂತಲೂ ಹಗುರವಾದುದರಿಂದ ತೇಲುವುದು; ಬೆಲೆಯೂ ಕಡಮೆ. ಸೆಣಬಿಗೆ ಇದರೊಡನೆ ಸೆಣಸಲಾಗಲಿಲ್ಲ. 1960ರ ದಶಕದಲ್ಲಿ ಡಂಡೀಯ ಸೆಣಬಿನ ವರ್ತಕರೇ ಪಾಲಿಪ್ರೊಪಿಲೀನಿನ ಕಡೆಗೆ ತಿರುಗಿದರು. 1990ರ ದಶಕವು ಮುಗಿಯುವುದರೊಳಗೆ ಆ ಊರಿನಲ್ಲಿ ಸೆಣಬು ನೂಲುವುದು ನಿಂತೇಹೋಯಿತು. ಆದಂಜೀ ಗಿರಣಿಯು 2002ರಲ್ಲಿ ಬಾಗಿಲು ಮುಚ್ಚಲು ಸಾವಿರಾರು ಕುಟುಂಬಗಳು ಜೀವನೋಪಾಯವನ್ನು ಕಳೆದುಕೊಂಡುವು. ಭಾರತ ಸರಕಾರವು ಇಂತಹ ಅನಾಹುತವನ್ನು ತಡೆಯಲೆಂದು 1987ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಗೊತ್ತುಪಡಿಸಿದ ಪ್ರಮಾಣದಷ್ಟು ಆಹಾರಧಾನ್ಯವನ್ನೂ ಸಕ್ಕರೆಯನ್ನೂ ಸೆಣಬಿನ ಚೀಲಗಳಲ್ಲಿಯೇ ತುಂಬಬೇಕೆಂದು ವಿಧಿಸಿತು. ಚೀಲಕ್ಕೆ ಹೀಗೆ ಕಾಯಿದೆಯ ಆಸರೆ ದೊರೆಯಿತು. ಅಂಗಡಿಯ ಹುರಿಗಾದರೋ ಅಂತಹ ಆಸರೆಯಿರಲಿಲ್ಲ.

ಆದರೆ ಯಾವ ಗುಣದಿಂದ ಹೊಸ ದಾರವು ಗೆದ್ದಿತೋ ಅದೇ ಗುಣವು ಅದರ ದೋಷವೂ ಆಯಿತು. ಕೊಳೆಯದ ವಸ್ತುವು ಕೆಲಸ ತೀರಿದ ಮೇಲೂ ಹೋಗುವುದಿಲ್ಲ. ಮೇವಿನ ಕಟ್ಟಿನಲ್ಲಿ ಉಳಿದ ತುಂಡನ್ನು ಹಸುವು ನುಂಗಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಗಂಟಾಗಿ ಸೇರಿ ಪ್ರಾಣಕ್ಕೇ ಮುಳುವಾಗಬಹುದು. ಬಿಸಿಲಿನಲ್ಲಿ ಬಹುಕಾಲ ಬಿದ್ದ ದಾರವು ಬಲಗುಂದಿ ಪುಡಿಯಾಗುವುದು ನಿಜ. ಆದರೆ ಆ ಪುಡಿಯು ಮಣ್ಣಾಗದೆ ಮಣ್ಣಿನಲ್ಲಿ ಬೆರೆತು ನಿಲ್ಲುತ್ತದೆ.

ಆದುದರಿಂದ ಹುರಿಯನ್ನು ಆರಿಸುವವರು ವಿಚಾರಿಸತಕ್ಕ ವಿಷಯವು ಬಲವೊಂದೇ ಅಲ್ಲ. ಕಟ್ಟಿನ ಆಯುಷ್ಯವೆಷ್ಟು, ಬಿಚ್ಚಿದ ಮೇಲೆ ಅದರ ಗತಿಯೇನು ಎಂಬುದೂ ವಿಚಾರಾರ್ಹ. ಮಳೆಯಲ್ಲಿ ನೆನೆಯುವ ಹೊರೆಗೂ ತಿಂಗಳುಗಟ್ಟಲೆ ತೇವದಲ್ಲಿರುವ ಸರಕಿಗೂ ಪ್ಲಾಸ್ಟಿಕ್ ದಾರವೇ ತಕ್ಕುದು. ಅದು ನುಣುಪಾದುದರಿಂದ ಗಂಟು ಜಾರುತ್ತದೆ. ಇಮ್ಮಡಿ ಗಂಟು ಹಾಕಿ, ತುದಿಯನ್ನು ಬೆಂಕಿಗೆ ತುಸು ತೋರಿಸಿ ಕರಗಿಸಿದರೆ ಎಳೆ ಬಿಚ್ಚದು. ತೋಟದ ಬಳ್ಳಿಗೂ ದನದ ಮೇವಿಗೂ ಎರಡು ದಿನದ ಪುಸ್ತಕದ ಕಟ್ಟಿಗೂ ಸೆಣಬಿನ ಹುರಿ ಸಾಕು. ಅದರ ಒರಟುತನವೇ ಗಂಟನ್ನು ಬಿಗಿಹಿಡಿಯುತ್ತದೆ. ಪ್ಲಾಸ್ಟಿಕ್ ದಾರವನ್ನು ಬಿಚ್ಚಿದವರು ಸುತ್ತಿ ತೆಗೆದಿರಿಸಿ ಮತ್ತೊಮ್ಮೆ ಬಳಸುವುದು ಜಿಪುಣತನವಲ್ಲ, ವಿವೇಕ. ಕಟ್ಟುವುದನ್ನು ಮನುಷ್ಯನು ಬಹುಕಾಲದ ಹಿಂದೆಯೇ ಕಲಿತನು. ಕಟ್ಟಿದ್ದನ್ನು ಬಿಚ್ಚಿದ ಮೇಲಿನ ಹೊಣೆಯನ್ನು ಮೊದಲು ಮಣ್ಣೇ ಹೊರುತ್ತಿತ್ತು. ಈಗ ಅದು ಮನೆಮನೆಯವರ ಕೈಗೆ ಬಂದಿದೆ.