ಮೈಸೂರಿನ ಅಂಗಸಾಧನಾ ಪರಂಪರೆ ಮತ್ತು ಕೆ.ವಿ. ಅಯ್ಯರ್

ಮೈಸೂರು ಸಂಸ್ಥಾನದ ಅಂಗಸಾಧನೆಯ ಚರಿತ್ರೆಯಲ್ಲಿ ಕೋಲಾರದ ವೆಂಕಟೇಶ ಅಯ್ಯರ್ (1897–1980) ಅವರ ಸ್ಥಾನ ವಿಶಿಷ್ಟವಾದುದು. ಅವರಿಗೆ ಮುನ್ನ ದೇಹಬಲದ ನೆಲೆ ಗರಡಿಮನೆಯೇ ಆಗಿತ್ತು. ಕೆಮ್ಮಣ್ಣಿನ ಮಟ್ಟಿ, ಗದೆ, ದಸರೆಯ ಕುಸ್ತಿ, ಜಟ್ಟಿಗಳ ವಜ್ರಮುಷ್ಟಿ ಅದರ ಅಂಗಗಳು. ಎದುರಾಳಿಯನ್ನು ಗೆಲ್ಲುವುದು ಅದರ ಗುರಿ. ಅಯ್ಯರ್ ಬೆಂಗಳೂರಿನ ತಮ್ಮ ಹರ್ಕ್ಯುಲಸ್ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ ಸಾಧನೆಯನ್ನು ಸೂರ್ಯನಮಸ್ಕಾರ ಹಾಗೂ ಆಸನಗಳೊಡನೆ ಬೆಸೆದು, ಅಂಗಸೌಷ್ಠವವನ್ನೂ ಆರೋಗ್ಯವನ್ನೂ ಗುರಿಯಾಗಿಸಿದರು. ಅವರ ಇಂಗ್ಲಿಷ್ ಗ್ರಂಥ ‘ಮಸಲ್ ಕಲ್ಟ್’ 1930ರಲ್ಲಿ ಪ್ರಕಟವಾಯಿತು. ಅಂಚೆಯ ಮೂಲಕವೂ ಅವರು ಪಾಠ ನಡೆಸಿದರು.

ಈ ಪದ್ಧತಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹ ದೊರೆಯಿತು. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಆವರಣದಲ್ಲಿ ಅಯ್ಯರ್ ಅವರ ಶಿಷ್ಯರೊಬ್ಬರು ವ್ಯಾಯಾಮಶಾಲೆ ನಡೆಸಿದರು. ಟಿ. ಕೃಷ್ಣಮಾಚಾರ್ಯರ ಯೋಗಶಾಲೆಯೂ ಅಲ್ಲಿಯೇ ಇದ್ದಿತು. ಒಂದೇ ಆಶ್ರಯದಲ್ಲಿ ಬೆಳೆದ ಈ ಎರಡರಲ್ಲಿ ಯೋಗಶಾಲೆಯ ಪರಂಪರೆ ಜಗತ್ಪ್ರಸಿದ್ಧವಾಯಿತು. ವ್ಯಾಯಾಮಶಾಲೆಯದು ಮರೆವಿಗೆ ಸಂದಿತು.

ಸಾಹಿತ್ಯಚರಿತ್ರೆಗೆ ಅಯ್ಯರ್ ‘ಶಾಂತಲಾ’ ಕಾದಂಬರಿಯ ಕರ್ತೃ. ವ್ಯಾಯಾಮಚರಿತ್ರೆಗೆ ಕಟ್ಟುಮಸ್ತಾದ ದೇಹದ ಮಾದರಿ. ಹೀಗೆ ಹಂಚಿಹೋದ ವ್ಯಕ್ತಿತ್ವವನ್ನು ಒಂದಾಗಿ ನೋಡಬೇಕಾಗಿದೆ. ಹೊಯ್ಸಳರ ನೃತ್ಯಕೋವಿದೆ ರಾಣಿಯನ್ನು ಕಾದಂಬರಿಯ ವಸ್ತುವಾಗಿಸಿದ ಅಯ್ಯರ್, ದೇಹವನ್ನೂ ಸಾಧನೆಯಿಂದ ರೂಪುಗೊಳ್ಳುವ ಕಲಾಕೃತಿಯೆಂದೇ ಭಾವಿಸಿದ್ದರೆನ್ನಬಹುದು. ಮೈಸೂರಿನ ಯೋಗದ ಚರಿತ್ರೆಯೂ ಅದರ ನೆರೆಯ ಬಾರ್‌ಬೆಲ್ಲುಗಳನ್ನು ಬಿಟ್ಟು ಪೂರ್ಣವಾಗದು.