ಆಳ್ವ: ಕರಾವಳಿ ಕಥೋಲಿಕರ ಒಂದು ಅಪರೂಪದ ಕುಲನಾಮ

ನಮ್ಮ ಕರಾವಳಿಯ ಯಾವುದೇ ಚರ್ಚಿನ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ತೆರೆದರೂ ಡಿಸೋಜ, ಫೆರ್ನಾಂಡಿಸ್, ಲೋಬೊ, ಪಿಂಟೊ, ಮಥಾಯಸ್, ಮೆಂಡೋನ್ಸಾ ಎಂಬ ಹೆಸರುಗಳು ಪುಟಪುಟದಲ್ಲೂ ಸಿಗುತ್ತವೆ. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಕಾಣಸಿಗುವ ಹೆಸರು ಆಳ್ವ. ಈ ಕುಲನಾಮದವರು ಹೊಸ ಊರಿಗೆ ಹೋದಾಗ ಅಲ್ಲಿಯ ಕಥೋಲಿಕರು "ನೀವು ಬಂಟರಲ್ಲವೇ?" ಎಂದು ಕೇಳುತ್ತಾರೆ, ಬಂಟರು "ನೀವು ಕ್ರಿಶ್ಚಿಯನ್ನರೇ?" ಎಂದು ಅಚ್ಚರಿಪಡುತ್ತಾರೆ. ಎರಡೂ ಪ್ರಶ್ನೆಗಳಿಗೆ ಕಾರಣವಾದ ಈ ಹೆಸರಿನ ಮೂಲ, ಅದು ಅಪರೂಪವಾಗಿರುವ ಕಾರಣ ಮತ್ತು ಅದನ್ನು ದಾಖಲಿಸುವಾಗ ಗಮನಿಸಬೇಕಾದ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ರಸ್ತೆಯಲ್ಲಿರುವ ಶಂಕರಪುರದ ಓದುಗರಿಗೆ ಈ ವಿಷಯ ದೂರದ್ದಲ್ಲ. ಈ ಕುಲನಾಮವನ್ನು ದೇಶಕ್ಕೆ ಪರಿಚಯಿಸಿದ ಜೋಕಿಂ ಆಳ್ವರ ಹುಟ್ಟೂರು ಬೆಳ್ಳೆ ಶಂಕರಪುರಕ್ಕೆ ನೆರೆಯ ಗ್ರಾಮ. ದಾಖಲೆಯ ಹೆಸರು ಮತ್ತು ಬಾಯಿಮಾತಿನ ಹೆಸರು ಬೇರೆಯಾಗಿರುವುದೂ ಇಲ್ಲಿಯವರಿಗೆ ಹೊಸದಲ್ಲ. ಊರವರು ಶಂಕರಪುರ ಮಲ್ಲಿಗೆ ಎಂದು ಕರೆಯುವ ಹೂವಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು "ಉಡುಪಿ ಮಲ್ಲಿಗೆ" ಎಂಬ ಹೆಸರಿನಲ್ಲಿ.

ನಮ್ಮ ಕುಲನಾಮಗಳು ಬಂದ ಬಗೆ

ಕರಾವಳಿಯ ಕಥೋಲಿಕರಲ್ಲಿ ಬಹುಪಾಲು ಜನರ ಪೂರ್ವಜರು 16ನೇ ಶತಮಾನದಿಂದ 18ನೇ ಶತಮಾನದವರೆಗೆ ಹಲವು ತಂಡಗಳಾಗಿ ಗೋವೆಯಿಂದ ಬಂದು ಕೆನರಾದಲ್ಲಿ ನೆಲೆಸಿದವರು. ಗೋವೆಯಲ್ಲಿ ದೀಕ್ಷಾಸ್ನಾನ ಪಡೆಯುವಾಗ ದೀಕ್ಷಾಮಾತಾಪಿತರ ಅಥವಾ ದೀಕ್ಷಾಸ್ನಾನ ಕೊಟ್ಟ ಗುರುಗಳ ಕುಲನಾಮವನ್ನು ಪಡೆಯುವುದು ರೂಢಿಯಾಗಿತ್ತು. ಹೀಗೆ ಪೋರ್ಚುಗೀಸ್ ಹೆಸರುಗಳು ಇಲ್ಲಿಯ ಮನೆಗಳಿಗೆ ಬಂದವು. ಪೋರ್ಚುಗೀಸ್ ಭಾಷೆಯಲ್ಲಿ ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ, ಪಿರೇರಾ ಎಂದರೆ ಪೇರ್ ಹಣ್ಣಿನ ಮರ, ಮಚಾದೊ ಎಂದರೆ ಕೊಡಲಿ. ಫೆರ್ನಾಂಡಿಸ್ ಎಂದರೆ ಫೆರ್ನಾಂದೊ ಎಂಬವನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊ ಎಂಬವನ ಮಗ.

ಆದ್ದರಿಂದ ನಮ್ಮಲ್ಲಿ ಕುಲನಾಮವು ರಕ್ತಸಂಬಂಧದ ಗುರುತಲ್ಲ, ಪೂರ್ವಜರೊಬ್ಬರು ಕ್ರೈಸ್ತರಾದ ಸಂದರ್ಭದ ಗುರುತು. ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ದೀಕ್ಷಾಸ್ನಾನ ಪಡೆದಿದ್ದರೆ ಅವರ ಕುಲನಾಮಗಳು ಬೇರೆಯಾಗಬಹುದಿತ್ತು. ಯಾವ ಸಂಬಂಧವೂ ಇಲ್ಲದ ನೂರು ಮನೆಗಳಿಗೆ ಒಂದೇ ಕುಲನಾಮ ಬರಬಹುದಿತ್ತು. ಅದರೊಂದಿಗೆ ಪ್ರಭು, ಕಾಮತ್, ನಾಯಕ್, ಪೈ, ಶೇಟ್ ಮೊದಲಾದ ಹಳೆಯ ಹೆಸರುಗಳ ನೆನಪನ್ನೂ ಕೆಲವು ಮನೆತನಗಳು ಉಳಿಸಿಕೊಂಡವು. ಮಂಗಳೂರು ಕ್ರೈಸ್ತರ ಇತಿಹಾಸವನ್ನು 1999ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಆಲನ್ ಮಚಾದೊ ಪ್ರಭು ಅವರ ಹೆಸರಿನಲ್ಲಿ ಎರಡೂ ಒಟ್ಟಿಗೆ ಇವೆ.

ಆಳ್ವ ಈ ಸಾಲಿಗೆ ಸೇರಿದ ಹೆಸರಲ್ಲ. ಗೋವೆಯಿಂದ ಬಂದವರ ಜೊತೆಗೆ ತುಳುನಾಡಿನ ಸ್ಥಳೀಯರೂ ಕ್ರೈಸ್ತ ವಿಶ್ವಾಸಕ್ಕೆ ಸೇರಿದ್ದರು. ಕಥೋಲಿಕ ಆಳ್ವರನ್ನು ಸಾಮಾನ್ಯವಾಗಿ ಬಂಟ ಮೂಲದವರೆಂದೇ ಗುರುತಿಸಲಾಗುತ್ತದೆ. ಬೇರೆಯವರು ಹೊಸ ಕುಲನಾಮ ಧರಿಸಿದ ಸಮುದಾಯದಲ್ಲಿ ಇವರು ನೆಲದ ಹೆಸರನ್ನೇ ಮುಂದುವರಿಸಿದರು.

ಪದದ ಮೂಲ

ಆಳ್ವ ಎಂಬುದು ಕನ್ನಡ ಮತ್ತು ತುಳುವಿಗೆ ಸಾಮಾನ್ಯವಾದ "ಆಳು" ಎಂಬ ಧಾತುವಿನಿಂದ ಬಂದ ಪದ. ಆಳುವವನು, ಒಡೆಯ ಎಂಬುದು ಅದರ ಅರ್ಥ. ತುಳುನಾಡನ್ನು ಬಹುಕಾಲ ಆಳಿದ ಆಳುಪ ಅರಸರ ಹೆಸರಿನಲ್ಲೂ ಇದೇ ಧಾತುವನ್ನು ಗುರುತಿಸಲಾಗಿದೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಗಂಗರ ಜೊತೆಗೆ ಆಳುಪರ ಉಲ್ಲೇಖವಿದೆ. ಅವರ ನಾಡನ್ನು ಶಾಸನಗಳು "ಆಳ್ವಖೇಡ" ಎಂದು ಕರೆಯುತ್ತವೆ. ಮಂಗಳೂರು, ಉದ್ಯಾವರ ಮತ್ತು ಬಾರಕೂರು ಬೇರೆ ಬೇರೆ ಕಾಲಗಳಲ್ಲಿ ಅವರ ರಾಜಧಾನಿಗಳಾಗಿದ್ದವು. ಶಿರ್ವದಿಂದಾಚೆ ಕಾರ್ಕಳದ ದಾರಿಯಲ್ಲಿರುವ ಬೆಳ್ಮಣ್ಣಿನಲ್ಲಿ ದೊರೆತ, 8ನೇ ಶತಮಾನದ ಆದಿಭಾಗದ್ದೆನ್ನಲಾದ ತಾಮ್ರಪಟ ಆಳುವರಸನೆಂಬ ಆಳುಪ ದೊರೆಯದು. ಪೂರ್ತಿ ಕನ್ನಡದಲ್ಲಿರುವ ಅತಿ ಹಳೆಯ ತಾಮ್ರಪಟಗಳಲ್ಲಿ ಅದನ್ನು ಎಣಿಸಲಾಗುತ್ತದೆ.

ಹೀಗೆಂದ ಮಾತ್ರಕ್ಕೆ ಆಳ್ವ ಎಂಬ ಹೆಸರಿನವರೆಲ್ಲರೂ ಆಳುಪ ಅರಸರ ಸಂತತಿಯೆಂದು ತಿಳಿಯಬಾರದು. ಪದಗಳ ನಂಟು ಬೇರೆ, ವಂಶದ ನಂಟು ಬೇರೆ. ಶೆಟ್ಟಿ, ಹೆಗ್ಡೆ, ರೈ, ಬಲ್ಲಾಳ, ಚೌಟ ಎಂಬವುಗಳ ಹಾಗೆ ಆಳ್ವ ಎಂಬುದೂ ಬಂಟರಲ್ಲಿ ಮನೆತನದ ಸ್ಥಾನಮಾನವನ್ನು ಸೂಚಿಸುವ ಉಪಾಧಿಯಾಗಿ ನಡೆದುಬಂದಿದೆ. ರಾಜಕಾರಣಿಗಳಾಗಿದ್ದ ಡಾ. ನಾಗಪ್ಪ ಆಳ್ವ ಮತ್ತು ಜೀವರಾಜ ಆಳ್ವ, ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಗಳ ಸ್ಥಾಪಕ ಡಾ. ಮೋಹನ ಆಳ್ವ ಈ ಸಮುದಾಯದ ಪರಿಚಿತ ಹೆಸರುಗಳು.

ಬಂಟರಲ್ಲಿ ವಂಶವನ್ನು ತೋರಿಸುವುದು ಉಪಾಧಿಯಲ್ಲ, "ಬರಿ" ಅಥವಾ ಬಳಿ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿಯೂ ತಾಯಿಯ ಕಡೆಯಿಂದ ಇಳಿದು, ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಕಥೋಲಿಕರಲ್ಲಿ ಹೆಸರು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಹೆಸರು ಎರಡು ಸಮುದಾಯಗಳಲ್ಲಿ ಎರಡು ದಾರಿ ಹಿಡಿದು ನಡೆದಿದೆ.

ಬೆಳ್ಳೆಯಿಂದ ದೆಹಲಿಗೆ

ಜೋಕಿಂ ಆಳ್ವ 1907ರ ಜನವರಿ 21ರಂದು ಜನಿಸಿದರು. ಮುಂಬೈಯಲ್ಲಿ ವಕೀಲರಾಗಿ, ಸ್ವಾತಂತ್ರ್ಯ ಹೋರಾಟಗಾರರಾಗಿ ಸೆರೆವಾಸ ಅನುಭವಿಸಿದರು. 1943ರಲ್ಲಿ "ಫೋರಂ" ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. 1952, 1957 ಮತ್ತು 1962ರ ಚುನಾವಣೆಗಳಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದರು, 1968ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 1979ರಲ್ಲಿ ನಿಧನರಾದರು. ಅವರ ಪತ್ನಿ, ಗುಜರಾತಿನ ಅಹಮದಾಬಾದಿನಲ್ಲಿ ಹುಟ್ಟಿದ ವಯಲೆಟ್ ಆಳ್ವ, 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು. ಒಟ್ಟಿಗೆ ಸಂಸತ್ತಿನಲ್ಲಿದ್ದ ಮೊದಲ ದಂಪತಿ ಎಂಬ ಹೆಸರು ಇವರದು. ಇಬ್ಬರ ಸ್ಮರಣೆಗಾಗಿ 2008ರಲ್ಲಿ ಅಂಚೆ ಚೀಟಿ ಹೊರಬಂತು. ಇವರ ಸೊಸೆ, ಮಂಗಳೂರಿನಲ್ಲಿ ನಜರೆತ್ ಮನೆತನದಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ, ಕೇಂದ್ರ ಸಚಿವೆಯೂ ಉತ್ತರಾಖಂಡ ಮತ್ತು ರಾಜಸ್ಥಾನಗಳ ರಾಜ್ಯಪಾಲರೂ ಆಗಿದ್ದರು. 2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಪ್ರತಿಪಕ್ಷಗಳ ಅಭ್ಯರ್ಥಿಯಾಗಿ ಸ್ಪರ್ಧಿಸಿದರು.

ಇಲ್ಲಿ ಒಂದು ಅಂಶ ಗಮನಾರ್ಹ. ಈ ಮೂವರಲ್ಲಿ ಇಬ್ಬರು ಮದುವೆಯ ಮೂಲಕ ಆಳ್ವರಾದವರು. ಈ ಅಪರೂಪದ ಹೆಸರು ದೇಶದಲ್ಲಿ ಪರಿಚಿತವಾದದ್ದರಲ್ಲಿ ಮನೆಗೆ ಬಂದ ಸೊಸೆಯಂದಿರ ಪಾಲು ದೊಡ್ಡದು.

ಒಂದೇ ಸದ್ದು, ಬೇರೆ ಬೇರೆ ಹೆಸರುಗಳು

ರೋಮನ್ ಲಿಪಿಯಲ್ಲಿ ಬರೆದಾಗ ಆಳ್ವ ಎಂಬ ಹೆಸರು ಪೋರ್ಚುಗೀಸ್ ಪದದಂತೆ ಕಾಣುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ "ಆಲ್ವ" ಎಂದರೆ ಮುಂಜಾವು. ಗುರುಗಳು ಬಲಿಪೂಜೆಯಲ್ಲಿ ಧರಿಸುವ ಬಿಳಿ ನಿಲುವಂಗಿಗೂ ಅದೇ ಹೆಸರು. ಆವಿಲಾದ ಸಂತ ತೆರೇಸಾ 1582ರಲ್ಲಿ ಪ್ರಾಣಬಿಟ್ಟ ಸ್ಪೇನಿನ ಆಲ್ಬ ದೆ ತೋರ್ಮೆಸ್ ಪಟ್ಟಣದ ಹೆಸರೂ ಇದನ್ನೇ ಹೋಲುತ್ತದೆ. ಆದಿಕಾಂಡದ 36ನೇ ಅಧ್ಯಾಯದಲ್ಲಿ ಬರುವ ಎದೋಮಿನ ಮುಖಂಡರಲ್ಲಿ ಒಬ್ಬನ ಹೆಸರು ಅಲ್ವ. ವಿಜ್ಞಾನಿ ಥಾಮಸ್ ಆಲ್ವ ಎಡಿಸನ್ ಎಲ್ಲರಿಗೂ ಗೊತ್ತು. ಇವು ಯಾವುವಕ್ಕೂ ಬೆಳ್ಳೆಯ ಆಳ್ವರಿಗೂ ಸಂಬಂಧವಿಲ್ಲ.

ಹೆಚ್ಚು ಗೊಂದಲ ಉಂಟುಮಾಡುವವು ಆಲ್ವಿಸ್ ಮತ್ತು ಅಲ್ವಾರಿಸ್. ಇವೆರಡೂ ಪೋರ್ಚುಗೀಸ್ ಕುಲನಾಮಗಳು. ಆಲ್ವಾರೊ ಎಂಬವನ ಮಗ ಎಂಬುದು ಎರಡರ ಅರ್ಥ. ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯದ ಇತಿಹಾಸದಲ್ಲಿ ಬರುವ, 1889ರಲ್ಲಿ ಬಿಷಪರಾಗಿ ಅಭಿಷಿಕ್ತರಾದ ಮಾರ್ ಜೂಲಿಯಸ್ ಅವರು ಅಲ್ವಾರಿಸ್ ಕುಲನಾಮದವರು. ಅವರನ್ನು ಆಳ್ವರೊಡನೆ ಸೇರಿಸಲಾಗದು.

ವ್ಯತ್ಯಾಸವನ್ನು ತೋರಿಸುವುದು ಒಂದೇ ಒಂದು ಅಕ್ಷರ: ಕನ್ನಡದ "ಳ". ರೋಮನ್ ಲಿಪಿಯಲ್ಲಿ ಲ ಮತ್ತು ಳ ಎರಡಕ್ಕೂ ಒಂದೇ ಅಕ್ಷರವಿರುವುದರಿಂದ ಲತೀನ್ ಅಥವಾ ಇಂಗ್ಲಿಷಿನಲ್ಲಿ ಬರೆದ ಚರ್ಚ್ ದಾಖಲೆಗಳಲ್ಲಿ ಈ ಸಾಕ್ಷಿ ಅಳಿಸಿಹೋಗುತ್ತದೆ. ಕನ್ನಡದಲ್ಲಿ ಬರೆದ ಜಮೀನಿನ ಪತ್ರ, ಪಹಣಿ, ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ಅದು ಉಳಿದಿರುತ್ತದೆ. ಮನೆತನದ ಇತಿಹಾಸ ಹುಡುಕುವವರು ಚರ್ಚಿನ ಪುಸ್ತಕದ ಜೊತೆಗೆ ಈ ಹಳೆಯ ಕಾಗದಗಳನ್ನೂ ನೋಡಬೇಕಾದದ್ದು ಇದಕ್ಕಾಗಿ.

ಸಂಖ್ಯೆ ಏಕೆ ಕಡಿಮೆ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆ 11,42,647, ಅಂದರೆ ಜನಸಂಖ್ಯೆಯ ಶೇ. 1.87. ಆದರೆ ನಮ್ಮ ಜನಗಣತಿ ಕುಲನಾಮವಾರು ಲೆಕ್ಕವನ್ನು ಪ್ರಕಟಿಸುವುದಿಲ್ಲ. ಆದ್ದರಿಂದ ಕುಲನಾಮಗಳ ಅಧ್ಯಯನಕ್ಕೆ ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳೇ ಮುಖ್ಯ ಆಧಾರ. ಅವುಗಳಿಗೂ ಒಂದು ಮಿತಿಯಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಚರ್ಚುಗಳು ನೆಲಸಮವಾದವು. 1799ರ ಬಳಿಕ ಬದುಕುಳಿದವರು ಮರಳಿ ಬಂದು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಹೆಚ್ಚಿನ ಮನೆತನಗಳ ಲಿಖಿತ ವಂಶಾವಳಿ ಅಲ್ಲಿಂದೀಚೆಗಷ್ಟೇ ಸಿಗುತ್ತದೆ.

ಕುಲನಾಮವೊಂದು ಅಪರೂಪವಾಗುವುದಕ್ಕೆ ಸರಳ ಲೆಕ್ಕವೂ ಇದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಹಾಗೂ ಪಾದ್ರಿಯೂ ಗಣಿತಜ್ಞರೂ ಆಗಿದ್ದ ಹೆನ್ರಿ ವಾಟ್ಸನ್ 1874ರಲ್ಲಿ ಇದನ್ನು ವಿವರಿಸಿದರು. ತಂದೆಯಿಂದ ಮಗನಿಗೆ ಬರುವ ಹೆಸರು ಗಂಡುಮಕ್ಕಳಿಲ್ಲದ ಮನೆಯಲ್ಲಿ ನಿಂತುಹೋಗುತ್ತದೆ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಇಬ್ಬರೂ ಹೆಣ್ಣಾಗುವ ಸಂಭವ ಸುಮಾರು ನಾಲ್ಕರಲ್ಲಿ ಒಂದು. ಐನೂರು ಡಿಸೋಜ ಮನೆಗಳಿರುವಲ್ಲಿ ಇದರಿಂದ ಏನೂ ಆಗದು. ಎರಡು ಮೂರು ಮನೆಗಳಷ್ಟೇ ಇರುವ ಹೆಸರಿಗೆ ಕೆಲವೇ ತಲೆಮಾರು ಸಾಕು.

ನಮ್ಮ ಸಮುದಾಯದಲ್ಲಿ ಇದರ ಜೊತೆಗೆ ಬೇರೆ ಕಾರಣಗಳೂ ಸೇರಿವೆ. ಗಂಡುಮಕ್ಕಳು ಗುರುದೀಕ್ಷೆ ಪಡೆದ ಮನೆಗಳಲ್ಲಿ ಹೆಸರು ಅವರೊಂದಿಗೆ ನಿಲ್ಲುತ್ತದೆ. ಮುಂಬೈ, ಕೊಲ್ಲಿ ರಾಷ್ಟ್ರಗಳು, ಕೆನಡಾ ಮತ್ತು ಆಸ್ಟ್ರೇಲಿಯಾಗಳಿಗೆ ಹೋದವರ ಮಕ್ಕಳ ದೀಕ್ಷಾಸ್ನಾನ ಅಲ್ಲಿಯೇ ದಾಖಲಾಗುವುದರಿಂದ ಊರಿನ ಪುಸ್ತಕದಲ್ಲಿ ಹೆಸರು ಕಾಣಿಸುವುದಿಲ್ಲ. ಊರಿನ ಮಟ್ಟಿಗೆ ಇಲ್ಲವಾದ ಹೆಸರು ಲೋಕದಲ್ಲಿ ಇಲ್ಲವಾಗಿದೆ ಎಂದರ್ಥವಲ್ಲ.

ಮದುವೆ ಮತ್ತು ಕುಲನಾಮ

ಒಂದೇ ಕುಲನಾಮದ ಹುಡುಗ ಹುಡುಗಿ ಮದುವೆಯಾಗಬಹುದೇ ಎಂಬ ಪ್ರಶ್ನೆ ಚರ್ಚ್ ಕಚೇರಿಗಳಲ್ಲಿ ಆಗಾಗ ಬರುತ್ತದೆ. ಧರ್ಮಸಭೆಯ ಕಾನೂನಿನಲ್ಲಿ ಕುಲನಾಮ ಅಡ್ಡಿಯೇ ಅಲ್ಲ; ರಕ್ತಸಂಬಂಧ ಮಾತ್ರ ಅಡ್ಡಿ. 1983ರ ಸಂಹಿತೆಯ ನಿಯಮ 1091ರಂತೆ ಅಡ್ಡಸಾಲಿನಲ್ಲಿ ನಾಲ್ಕನೇ ಹಂತದವರೆಗೆ, ಅಂದರೆ ಅಣ್ಣತಮ್ಮ ಅಥವಾ ಅಕ್ಕತಂಗಿಯರ ಮಕ್ಕಳವರೆಗೆ, ವಿವಾಹ ಸಿಂಧುವಲ್ಲ. ಸೋದರಮಾವನ ಮಗಳ ಕುಲನಾಮ ಬೇರೆಯಾಗಿದ್ದರೂ ಅಡ್ಡಿ ಇದೆ. ಸಂಬಂಧವಿಲ್ಲದ ಇನ್ನೊಂದು ಆಳ್ವ ಮನೆಯ ಹುಡುಗಿಯ ಕುಲನಾಮ ಒಂದೇ ಆಗಿದ್ದರೂ ಅಡ್ಡಿ ಇಲ್ಲ. ಹೆಸರು ನೋಡಿ ನಿರ್ಧರಿಸದೆ ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು ಸರಿಯಾದ ಕ್ರಮ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸಂಬಂಧ ನೋಡುವಾಗ "ಇವರು ಯಾವ ಮೂಲದವರು" ಎಂದು ಕುಲನಾಮದಿಂದ ಅಳೆಯುವ ಅಭ್ಯಾಸ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಬ್ರಾಹ್ಮಣ ಮೂಲ, ಬಂಟ ಮೂಲ ಎಂಬುದು ಇತಿಹಾಸದ ವಿಷಯವಾಗಿ ತಿಳಿಯತಕ್ಕದ್ದು. ಮೇಲುಕೀಳಿನ ಅಳತೆಗೋಲಾಗಿ ಬಳಸತಕ್ಕದ್ದಲ್ಲ. ಸಂತ ಮತ್ತಾಯರು ಪ್ರಭು ಯೇಸುವಿನ ವಂಶಾವಳಿಯನ್ನು ಬರೆಯುವಾಗ ಮೋವಾಬ್ ನಾಡಿನ ರೂತಳನ್ನೂ ಜೆರಿಕೋವಿನ ರಹಾಬಳನ್ನೂ ಮರೆಮಾಚಲಿಲ್ಲ.

ಚರ್ಚ್ ಕಚೇರಿಗಳಿಗೆ ಮತ್ತು ಕುಟುಂಬಗಳಿಗೆ

1563ರಲ್ಲಿ ಟ್ರೆಂಟ್ ಮಹಾಸಭೆ ದೀಕ್ಷಾಸ್ನಾನ ಮತ್ತು ವಿವಾಹಗಳ ದಾಖಲೆ ಇಡುವುದನ್ನು ಕಡ್ಡಾಯಗೊಳಿಸಿತು. ಇಂದಿನ ಸಂಹಿತೆಯ ನಿಯಮ 535 ಹಳೆಯ ಪುಸ್ತಕಗಳನ್ನೂ ಜೋಪಾನವಾಗಿ ಕಾಯಬೇಕೆಂದು ವಿಧಿಸುತ್ತದೆ. ಅಪರೂಪದ ಕುಲನಾಮಗಳ ವಿಷಯದಲ್ಲಿ ಕೆಳಗಿನವುಗಳನ್ನು ಪಾಲಿಸುವುದು ಒಳ್ಳೆಯದು.

1. ದೀಕ್ಷಾಸ್ನಾನದ ಅರ್ಜಿಯಲ್ಲಿ ಕುಲನಾಮವನ್ನು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಬರೆಸಿಕೊಳ್ಳಿ. ಹೆತ್ತವರು ಬರೆದಂತೆ ಬರೆಯಿರಿ; ಪರಿಚಿತ ಹೆಸರಿಗೆ ಹೊಂದಿಸಿ ತಿದ್ದಬೇಡಿ.

2. ಹಳೆಯ ನಮೂದಿನಲ್ಲಿ ತಪ್ಪು ಕಂಡರೂ ಅದರ ಮೇಲೆ ಬರೆಯಬೇಡಿ, ಅಳಿಸಬೇಡಿ. ಧರ್ಮಪ್ರಾಂತ್ಯದ ಕಚೇರಿಯ ಅನುಮತಿ ಪಡೆದು ಬದಿಯಲ್ಲಿ ಟಿಪ್ಪಣಿ ಬರೆಯಿರಿ. ಪಾಸ್‌ಪೋರ್ಟ್ ಅಥವಾ ಆಧಾರ್ ಪತ್ರಕ್ಕೆ ಹೊಂದಬೇಕೆಂಬ ಆತುರದಲ್ಲಿ ಮೂಲ ದಾಖಲೆ ಕೆಡಬಾರದು.

3. ತಾಯಿಯ ತವರಿನ ಕುಲನಾಮವನ್ನು ತಪ್ಪದೆ ಬರೆಯಿರಿ. ಗಂಡುಸಂತಾನವಿಲ್ಲದೆ ನಿಂತುಹೋದ ಹೆಸರನ್ನು ಮುಂದಿನವರು ಹುಡುಕಬಹುದಾದ ಜಾಗ ಅದೊಂದೇ.

4. ವಾಳೆಯ ಗುರಿಕಾರರು ಹಿರಿಯರಿರುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು, ಹಳೆಯ ಮನೆಯ ಹೆಸರು, ಬಂದ ಊರು ಇಷ್ಟನ್ನು ಬರೆಸಿಡಲು ಪ್ರೋತ್ಸಾಹಿಸಲಿ. ಹಿರಿಯರು ತೀರಿಕೊಂಡ ಮೇಲೆ ಈ ಮಾಹಿತಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟು ರೂಪುಗೊಂಡ ಉಡುಪಿ ಧರ್ಮಪ್ರಾಂತ್ಯ ಎಳೆಯದು. ಅದರ ಚರ್ಚುಗಳ ಪುಸ್ತಕಗಳು ಮಾತ್ರ ಹಳೆಯವು. ಗೋವೆಯ ಹೆಸರು ಹೊತ್ತವರನ್ನೂ ತುಳುನಾಡಿನ ಹೆಸರು ಉಳಿಸಿಕೊಂಡವರನ್ನೂ ಆ ಪುಸ್ತಕಗಳು ಒಂದೇ ಸಾಲಿನಲ್ಲಿ, ಒಂದೇ ಶಾಯಿಯಲ್ಲಿ ಬರೆದಿಟ್ಟಿವೆ. ಆ ಸಾಲಿನಲ್ಲಿ ಆಳ್ವ ಎಂಬ ಹೆಸರು "ಳ" ಸಹಿತ ಸರಿಯಾಗಿ ಉಳಿಯುವಂತೆ ನೋಡಿಕೊಳ್ಳುವುದು ನಮ್ಮ ಕಾಲದವರ ಹೊಣೆ.