ಒಂದು ಸ್ಥಿರಾಂಕ, ಆರು ಅಂಕಿಗಳು: ರಾಸಾಯನಿಕ ಗುಣಗಳನ್ನು ಅಂದಾಜಿಸುವ ತಂತ್ರಾಂಶಗಳಲ್ಲಿ ಹೆನ್ರಿ ಸ್ಥಿರಾಂಕದ ನಿರ್ವಹಣೆ

ನೀರು ಮತ್ತು ಗಾಳಿಯ ನಡುವೆ ಬೆಂಜೀನ್ ಹೇಗೆ ಹಂಚಿಕೊಳ್ಳುತ್ತದೆ ಎಂದು 25 ಡಿಗ್ರಿ ಸೆಲ್ಸಿಯಸ್‌ಗೆ ಕೈಪಿಡಿಗಳಲ್ಲಿ ಹುಡುಕಿದರೆ ಕೈಗೆ ಸಿಗುವ ಅಂಕಿಗಳು ಇವು: 0.00555, 562, 0.227, 4.41, 0.180, 307. ಆರೂ ಸರಿಯೇ. ಮೊದಲನೆಯದು ಅಟ್ಮಾಸ್ಫಿಯರ್-ಘನಮೀಟರ್ ಪ್ರತಿ ಮೋಲ್. ಎರಡನೆಯದು ಅದೇ, ಪಾಸ್ಕಲ್‌ನಲ್ಲಿ. ಮೂರನೆಯದು ಗಾಳಿಯ ಸಾರತೆಯನ್ನು ನೀರಿನ ಸಾರತೆಯಿಂದ ಭಾಗಿಸಿದ್ದು, ನಾಲ್ಕನೆಯದು ನೀರಿನದನ್ನು ಗಾಳಿಯದರಿಂದ ಭಾಗಿಸಿದ್ದು. ಐದನೆಯದು ಲೀಟರಿಗೆ ಎಷ್ಟು ಮೋಲ್ ಎಂಬುದನ್ನು ಪ್ರತಿ ಅಟ್ಮಾಸ್ಫಿಯರ್‌ಗೆ ಹೇಳುತ್ತದೆ. ಆರನೆಯದು ಆಂಶಿಕ ಒತ್ತಡವನ್ನು ಮೋಲ್ ಭಿನ್ನರಾಶಿಯಿಂದ ಭಾಗಿಸಿದಾಗ ಬರುವ ಅಟ್ಮಾಸ್ಫಿಯರ್ ಲೆಕ್ಕ. ಆರಕ್ಕೂ ಹೆಸರು ಒಂದೇ, ಹೆನ್ರಿ ಸ್ಥಿರಾಂಕ. ತಂತ್ರಾಂಶದ ದತ್ತಸಂಚಯದಲ್ಲಿ ಇವುಗಳಿಗೆ ಅನೇಕ ವೇಳೆ ಒಂದೇ ಕಾಲಂ.

ಈ ತಂತ್ರಾಂಶಗಳ ನಿಖರತೆಯ ಬಗ್ಗೆ ನಡೆಯುವ ಚರ್ಚೆ ಬಹುಪಾಲು ಅಂದಾಜಿನ ವಿಧಾನಗಳ ಸುತ್ತ ತಿರುಗುತ್ತದೆ: ಯಾವ ಸಮೀಕರಣ ಒಳ್ಳೆಯದು, ಯಾವ ಮಾದರಿಯ ದೋಷ ಎಷ್ಟು ಎಂದು. ನನ್ನ ಅನುಭವದಲ್ಲಿ ದೊಡ್ಡ ತಪ್ಪುಗಳು ಅದಕ್ಕೂ ಮೊದಲೇ, ಅಂಕಿಯನ್ನು ನಮೂದಿಸುವ ಹೊತ್ತಿನಲ್ಲೇ ಆಗಿಹೋಗಿರುತ್ತವೆ. ಅವು ಕಿರಾಣಿ ಅಂಗಡಿಯ ಖಾತೆಪುಸ್ತಕದಲ್ಲಿ ಜಮೆಯನ್ನು ಖರ್ಚಿನ ಕಡೆ ಬರೆದಂಥ ತಪ್ಪುಗಳು. ಹಾಗಾಗಿಯೇ ವಿದ್ವಾಂಸರ ಗಮನ ಅವುಗಳ ಮೇಲೆ ಬಿದ್ದಿರುವುದು ಕಡಿಮೆ.

ಮ್ಯಾಂಚೆಸ್ಟರ್‌ನ ವಿಲಿಯಂ ಹೆನ್ರಿ 1803ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದಾಗ ಈ ಗೊಂದಲ ಇರಲಿಲ್ಲ. ಉಷ್ಣತೆ ಒಂದೇ ಇದ್ದರೆ, ಒತ್ತಡ ಎಷ್ಟೇ ಇರಲಿ, ಆ ಒತ್ತಡದಲ್ಲಿ ಅಳೆದ ಅನಿಲದ ಅಷ್ಟೇ ಗಾತ್ರವನ್ನು ನೀರು ಹೀರುತ್ತದೆ ಎಂದು ಆತ ಗಾತ್ರದ ಭಾಷೆಯಲ್ಲೇ ಹೇಳಿದ. ಮುಂದೆ ಬುನ್ಸೆನ್ ಮತ್ತು ಓಸ್ಟ್‌ವಾಲ್ಡ್ ಹೆಸರಿನ ಗುಣಾಂಕಗಳು ಬಂದವು. ಎರಡಕ್ಕೂ ಏಕಮಾನವಿಲ್ಲ. ಆದರೆ ಬುನ್ಸೆನ್ ಗುಣಾಂಕ ಅನಿಲದ ಗಾತ್ರವನ್ನು ಸೊನ್ನೆ ಡಿಗ್ರಿಗೆ ಇಳಿಸಿ ಲೆಕ್ಕ ಹಾಕುತ್ತದೆ, ಓಸ್ಟ್‌ವಾಲ್ಡ್‌ನದು ಪ್ರಯೋಗದ ಉಷ್ಣತೆಯಲ್ಲೇ ಬಿಡುತ್ತದೆ. 25 ಡಿಗ್ರಿಯಲ್ಲಿ ಇವೆರಡರ ನಡುವೆ ಶೇ. 9ರಷ್ಟು ಅಂತರ. ರಸಾಯನ ತಂತ್ರಜ್ಞರಿಗೆ ಮೋಲ್ ಭಿನ್ನರಾಶಿ ಅನುಕೂಲ, ವಾಯುಮಂಡಲ ವಿಜ್ಞಾನಿಗಳಿಗೆ ದ್ರಾವ್ಯತೆಯ ದಿಕ್ಕು, ಪರಿಸರ ಎಂಜಿನಿಯರ್‌ಗಳಿಗೆ ಆವಿಯಾಗುವ ದಿಕ್ಕು. ಒಬ್ಬರಿಗೆ ಅಂಕಿ ದೊಡ್ಡದಾದರೆ ಅನಿಲ ಹೆಚ್ಚು ಕರಗುತ್ತದೆ ಎಂದರ್ಥ. ಇನ್ನೊಬ್ಬರಿಗೆ ಅದೇ ಕಡಿಮೆ ಕರಗುತ್ತದೆ ಎಂದು. ಐಯುಪಿಎಸಿ ತನ್ನ 2021ರ ಶಿಫಾರಸಿನಲ್ಲಿ ದ್ರಾವ್ಯತೆಯ ಹೆನ್ರಿ ಸ್ಥಿರಾಂಕ ಮತ್ತು ಆವಿಶೀಲತೆಯ ಹೆನ್ರಿ ಸ್ಥಿರಾಂಕ ಎಂದು ಎರಡು ಹೆಸರುಗಳನ್ನೂ ಎರಡು ಚಿಹ್ನೆಗಳನ್ನೂ ಬೇರೆ ಮಾಡಿತು. ಹೆನ್ರಿಯ ಲೇಖನವಾಗಿ ಇನ್ನೂರು ವರ್ಷ ಕಳೆದ ಮೇಲೆ!

ದಿಕ್ಕು ತಪ್ಪಿದರೆ ಫಲಿತಾಂಶ ನೋಡಿದ ಕೂಡಲೇ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಆಮ್ಲಜನಕದ ವಿಷಯದಲ್ಲಿ ಗೊತ್ತಾಗುತ್ತದೆ. ಗಾಳಿ-ನೀರಿನ ಅನುಪಾತ ಅದಕ್ಕೆ ಸುಮಾರು 31; ತಲೆಕೆಳಗಾದರೆ 0.032. ಆಮ್ಲಜನಕವೆಲ್ಲ ನೀರಿನಲ್ಲೇ ಇದೆ ಎಂದು ತಂತ್ರಾಂಶ ಹೇಳಿದರೆ ಪದವಿ ವಿದ್ಯಾರ್ಥಿಯೂ ನಗುತ್ತಾನೆ. ಅಪಾಯವಿರುವುದು ಅನುಪಾತ ಒಂದರ ಆಸುಪಾಸಿನಲ್ಲಿರುವ ವಸ್ತುಗಳಲ್ಲಿ. ಕಾರ್ಬನ್ ಟೆಟ್ರಾಕ್ಲೋರೈಡ್, ವಿನೈಲ್ ಕ್ಲೋರೈಡ್, ಟೆಟ್ರಾಕ್ಲೋರೋಎಥಿಲೀನ್ ಮುಂತಾದ, ಅಂತರ್ಜಲ ಕೆಡಿಸುವುದರಲ್ಲಿ ಹೆಸರು ಮಾಡಿದ ವಸ್ತುಗಳೆಲ್ಲ ಈ ಗುಂಪಿನವು. ಇಲ್ಲಿ ಸರಿ ಉತ್ತರವೂ ನಂಬುವಂತಿರುತ್ತದೆ, ತಪ್ಪು ಉತ್ತರವೂ ನಂಬುವಂತಿರುತ್ತದೆ.

ಇದನ್ನು ರೇಡಾನ್ ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. ಬೆಂಗಳೂರು ಸುತ್ತಲಿನ ಗ್ರಾನೈಟ್ ನೆಲದ ಕೊಳವೆಬಾವಿಗಳಲ್ಲಿ ರೇಡಾನ್ ಅಳೆಯುವ ಕೆಲಸ ನಡೆದಿದೆ, ಆದ್ದರಿಂದ ನಮ್ಮಲ್ಲಿ ಇದು ಬರೀ ಪುಸ್ತಕದ ಲೆಕ್ಕವಲ್ಲ. ರೇಡಾನ್‌ನ ಗುಣಾಂಕವನ್ನು ವಿಕಿರಣದ ಕ್ಷೇತ್ರದವರು ನೀರು-ಗಾಳಿಯ ಅನುಪಾತವಾಗಿ ಬರೆಯುವುದು ರೂಢಿ: 25 ಡಿಗ್ರಿಯಲ್ಲಿ ಸುಮಾರು 0.22. ಬೆಂಜೀನ್‌ನದು ಗಾಳಿ-ನೀರಿನ ಅನುಪಾತ: 0.227. ಏಕಮಾನವಿಲ್ಲದ ಒಂದೇ ಕಾಲಮ್ಮಿನಲ್ಲಿ ಎರಡನ್ನೂ ಕೂರಿಸಿದರೆ ಅವು ಒಡಹುಟ್ಟಿದವುಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಗಾಳಿಗೆ ಏರುವ ಒಲವು ಬೆಂಜೀನ್‌ಗಿಂತ ರೇಡಾನ್‌ಗೆ ಇಪ್ಪತ್ತು ಪಟ್ಟು ಹೆಚ್ಚು. ಮುಚ್ಚಿದ ಪಾತ್ರೆಯೊಂದರಲ್ಲಿ ಬಾವಿಯ ನೀರೂ ಗಾಳಿಯೂ ಸಮಸಮ ಇವೆ, ಕುಲುಕಿ ಸಮತೋಲಕ್ಕೆ ತಂದ ಮೇಲೆ ಗಾಳಿಯಲ್ಲಿ ಲೀಟರಿಗೆ 100 ಬೆಕೆರೆಲ್ ಸಿಕ್ಕಿತು ಎನ್ನೋಣ. ನೀರಿನಲ್ಲಿ ಉಳಿದದ್ದು 22. ಅಂದರೆ ಮೂಲ ನೀರಿನಲ್ಲಿದ್ದದ್ದು 122. ದಿಕ್ಕು ತಪ್ಪಿದ ಕಾಲಂ ಓದಿದ ತಂತ್ರಾಂಶ ನೀರಿನಲ್ಲಿ 455 ಉಳಿದಿದೆ ಎಂದು ಎಣಿಸಿ 555 ಎಂದು ಅಚ್ಚುಹಾಕುತ್ತದೆ. ಎರಡೂ ಬೆಲೆಗಳು ಗ್ರಾನೈಟ್ ಬಾವಿಗೆ ಒಪ್ಪುವಂಥವೇ. ನನ್ನದೇ ಒಂದು ಹಾಳೆಯಲ್ಲಿ ಈ ತಪ್ಪು ಎಷ್ಟೋ ದಿನ ಇತ್ತು. ಬೇರೆ ಕಾರಣಕ್ಕೆ ಬೆಂಜೀನ್ ಸಾಲನ್ನು ಪಕ್ಕಕ್ಕಿಟ್ಟು ನೋಡಿದಾಗಲಷ್ಟೇ ಕಣ್ಣಿಗೆ ಬಿತ್ತು.

ಉಷ್ಣತೆಯ ವಿಷಯದಲ್ಲಿ ತಪ್ಪು ಇನ್ನೂ ಮೆತ್ತಗೆ ನುಸುಳುತ್ತದೆ. ಬಹಳಷ್ಟು ಸಂಕಲನಗಳು 25 ಡಿಗ್ರಿಯ ಬೆಲೆಯ ಜೊತೆಗೆ ಕೆಲ್ವಿನ್‌ನಲ್ಲಿ ಒಂದು ಇಳಿಜಾರನ್ನು ಕೊಡುತ್ತವೆ. ಕಾರ್ಬನ್ ಡೈಆಕ್ಸೈಡ್‌ಗೆ ಅದು ಸುಮಾರು 2400. ಇದರ ಪ್ರಕಾರ 15 ಡಿಗ್ರಿಯ ನೀರಿನಲ್ಲಿ ದ್ರಾವ್ಯತೆ ಶೇ. 32ರಷ್ಟು ಹೆಚ್ಚು, 40 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಕಡಿಮೆ; ಐಸಿನಲ್ಲಿಟ್ಟ ಗೋಲಿಸೋಡಾಕ್ಕೂ ಬಿಸಿಲಲ್ಲಿ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ. ಆದರೆ 2400 ಎಂಬುದು ದ್ರಾವ್ಯತೆಯನ್ನು ಒತ್ತಡದ ಲೆಕ್ಕದಲ್ಲಿ ಹೇಳಿದಾಗಿನ ಇಳಿಜಾರು. ಸಾರತೆಗಳ ಅನುಪಾತಕ್ಕೆ ಬದಲಿಸುವಾಗ ಅನಿಲ ಸ್ಥಿರಾಂಕವನ್ನು ಉಷ್ಣತೆಯಿಂದ ಗುಣಿಸಿದ್ದು ನಡುವೆ ಬರುತ್ತದೆ. ಆ ಉಷ್ಣತೆಯೂ ಬದಲಾಗುವುದರಿಂದ ಇಳಿಜಾರು ಸುಮಾರು 300ರಷ್ಟು ಕುಗ್ಗಿ 2100 ಆಗಬೇಕು. ಬೆಲೆಯನ್ನು ಪರಿವರ್ತಿಸಿ ಇಳಿಜಾರನ್ನು ಹಾಗೇ ಉಳಿಸಿಕೊಂಡರೆ 25 ಡಿಗ್ರಿಯಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಿರುತ್ತದೆ, 5 ಡಿಗ್ರಿಗೆ ಇಳಿದಾಗ ಶೇ. 7ರಷ್ಟು ತಪ್ಪುತ್ತದೆ. ಪರೀಕ್ಷೆಗೆ ಎಲ್ಲರೂ ಆರಿಸಿಕೊಳ್ಳುವುದು 25 ಡಿಗ್ರಿಯನ್ನೇ.

ನೇರ ಇಳಿಜಾರೆಂಬುದೇ ಒಂದು ಸಣ್ಣ ವ್ಯಾಪ್ತಿಯ ಅನುಕೂಲ. ಹೀಲಿಯಮ್ ನೀರಿನಲ್ಲಿ 30 ಡಿಗ್ರಿಯ ಆಚೀಚೆ ಅತಿ ಕಡಿಮೆ ಕರಗಿ ಆಮೇಲೆ ಮತ್ತೆ ಹೆಚ್ಚು ಕರಗತೊಡಗುತ್ತದೆ. ಕಾರ್ಖಾನೆಗಳ ಪ್ರಕ್ರಿಯೆಯನ್ನು ಅನುಕರಿಸುವ ತಂತ್ರಾಂಶಗಳು ಇದಕ್ಕೆಂದೇ ನಾಲ್ಕು ಅಥವಾ ಐದು ಪದಗಳ ಲಾಗರಿದಮ್ ಸೂತ್ರ ಬಳಸುತ್ತವೆ. ಅಲ್ಲಿ ಬಾರ್‌ನಿಂದ ಪಾಸ್ಕಲ್‌ಗೆ ಹೋದರೆ ಮೊದಲ ಗುಣಕವೊಂದೇ 11.51ರಷ್ಟು ಸರಿಯುತ್ತದೆ, ಉಳಿದವು ಅಲುಗುವುದಿಲ್ಲ. ಇಷ್ಟು ಸರಳ ಸಂಗತಿಯನ್ನು ಬಳಕೆದಾರ ಕೈಯಿಂದ ಮಾಡಬೇಕಾಗಿ ಬಂದರೆ ಅದು ವಿನ್ಯಾಸದ ಸೋಲು ಎಂದೇ ನಾನು ಎಣಿಸುತ್ತೇನೆ.

ನೀರಿನೊಡನೆ ಪ್ರತಿಕ್ರಿಯಿಸುವ ಅನಿಲಗಳಲ್ಲಿ ಎರಡು ಬೆಲೆಗಳಿರುತ್ತವೆ. ಫಾರ್ಮಾಲ್ಡಿಹೈಡ್ ನೀರಿಗಿಳಿದ ಕೂಡಲೇ ಬಹುಪಾಲು ಹೈಡ್ರೇಟ್ ಆಗುತ್ತದೆ. ಹೈಡ್ರೇಟನ್ನೂ ಸೇರಿಸಿದ ಪರಿಣಾಮಕಾರಿ ಸ್ಥಿರಾಂಕ, ಅದನ್ನು ಬಿಟ್ಟ ಮೂಲ ಸ್ಥಿರಾಂಕಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು. ಗಂಧಕದ ಡೈಆಕ್ಸೈಡ್‌ನ ಮೂಲ ಬೆಲೆ ಲೀಟರಿಗೆ 1.2 ಮೋಲ್ ಪ್ರತಿ ಅಟ್ಮಾಸ್ಫಿಯರ್. ಪಿಎಚ್ 5ರ ಮೋಡದ ಹನಿಯಲ್ಲಿ ಅದು 1600ರ ಹತ್ತಿರ. ಆಮ್ಲ-ಪ್ರತ್ಯಾಮ್ಲಗಳ ಲೆಕ್ಕವನ್ನು ತಾನೇ ಮಾಡುವ ತಂತ್ರಾಂಶಕ್ಕೆ ಪರಿಣಾಮಕಾರಿ ಬೆಲೆಯನ್ನು ಉಣಿಸಿದರೆ ಒಂದೇ ಅಯಾನೀಕರಣವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಇನ್ನು ಅಂದಾಜಿನ ಮಾತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಇಪಿಐ ಸ್ವೀಟ್‌ನಲ್ಲಿ ಹೆನ್ರಿವಿನ್ ಎಂಬ ಭಾಗವಿದೆ. ಹೈನ್ ಮತ್ತು ಮುಖರ್ಜಿ 1975ರಲ್ಲಿ ರೂಪಿಸಿ, ಮೇಲನ್ ಮತ್ತು ಹೊವಾರ್ಡ್ 1991ರಲ್ಲಿ 345 ಸಂಯುಕ್ತಗಳ ಮೇಲೆ ವಿಸ್ತರಿಸಿದ ಬಂಧಗಳ ಕೊಡುಗೆಯ ವಿಧಾನ ಅದರ ಬೆನ್ನೆಲುಬು. ಅಣುವನ್ನು ಬಂಧಗಳಾಗಿ ಬಿಡಿಸಿ, ಒಂದೊಂದಕ್ಕೂ ಗೊತ್ತುಪಡಿಸಿದ ಅಂಕಿಯನ್ನು ಕೂಡಿದರೆ ಲಾಗರಿದಮ್ ಬೆಲೆ ಬರುತ್ತದೆ. ಬಂಧಗಳ ಬದಲು ಪರಮಾಣುಗಳ ಗುಂಪುಗಳ ಅಂಕಿಗಳನ್ನು ಕೂಡುವ ಎರಡನೆಯ ವಿಧಾನವೂ ಅದರಲ್ಲಿದೆ. ಹೆನ್ರಿವಿನ್‌ನ ಒಂದು ಗುಣ ನನಗೆ ಮೆಚ್ಚುಗೆ: ಗುಂಪುಗಳ ವಿಧಾನಕ್ಕೆ ಬೇಕಾದ ಅಂಕಿ ತನ್ನಲ್ಲಿಲ್ಲದಿದ್ದರೆ ಅದು ಅಪೂರ್ಣ ಎಂದು ಬರೆದು ಕೈಕಟ್ಟಿ ನಿಲ್ಲುತ್ತದೆ. ಏನೋ ಒಂದು ಸಂಖ್ಯೆ ಉದುರಿಸುವುದಿಲ್ಲ.

ಮೂರನೆಯ ದಾರಿ ಆವಿಯೊತ್ತಡವನ್ನು ದ್ರಾವ್ಯತೆಯಿಂದ ಭಾಗಿಸುವುದು. ಇಲ್ಲಿ ಭಾಜ್ಯ ಭಾಜಕಗಳೆರಡೂ ಒಂದೇ ಸ್ಥಿತಿಯವಾಗಿರಬೇಕು. ನುಸಿಗುಳಿಗೆಯ ನ್ಯಾಫ್ತಲೀನ್ ತೆಗೆದುಕೊಳ್ಳಿ. ಘನರೂಪದ ಆವಿಯೊತ್ತಡ ಸುಮಾರು 11 ಪಾಸ್ಕಲ್, ಘನದ ದ್ರಾವ್ಯತೆ ಲೀಟರಿಗೆ 31 ಮಿಲಿಗ್ರಾಂ. ಭಾಗಿಸಿದರೆ 45, ಅಳೆದ ಬೆಲೆಗೆ ಹೊಂದುತ್ತದೆ. ಕರಗುಬಿಂದುವಿನ ಕೆಳಗೂ ದ್ರವವಾಗಿಯೇ ಇದೆ ಎಂದು ಕಲ್ಪಿಸಿದ ನ್ಯಾಫ್ತಲೀನ್‌ನ ಆವಿಯೊತ್ತಡ ಇದರ ಮೂರೂವರೆ ಪಟ್ಟು. ಒಂದು ಕೋಷ್ಟಕದಿಂದ ಅದನ್ನೂ ಇನ್ನೊಂದರಿಂದ ಘನದ ದ್ರಾವ್ಯತೆಯನ್ನೂ ಎತ್ತಿದರೆ ಉತ್ತರವೂ ಮೂರೂವರೆ ಪಟ್ಟು ಹಿಗ್ಗುತ್ತದೆ.

ಎತ್ತಿದ ಅಂಕಿಯ ಮೂಲ ಯಾವುದು ಎಂಬುದಂತೂ ಬೇರೆಯೇ ಕಥೆ. ಡಿಡಿಟಿ ಮತ್ತು ಡಿಡಿಇಗಳ ದ್ರಾವ್ಯತೆ ಹಾಗೂ ಆಕ್ಟನಾಲ್-ನೀರಿನ ಹಂಚಿಕೆಯ ಬೆಲೆಗಳ ಜಾಡು ಹಿಡಿದು ಪಾಂಟೊಲಿಲೊ ಮತ್ತು ಈಗನ್‌ಹೌಸ್ ಏಳುನೂರಕ್ಕೂ ಹೆಚ್ಚು ಪ್ರಕಟಣೆಗಳನ್ನು ಜಾಲಾಡಿದರು; ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 2001ರಲ್ಲಿ ಆ ವರದಿ ಪ್ರಕಟಿಸಿತು. ಒಂದೇ ಗುಣಕ್ಕೆ ಕೊಟ್ಟ ಬೆಲೆಗಳು ಹತ್ತು ಸಾವಿರ ಪಟ್ಟಿನವರೆಗೂ ಚದುರಿದ್ದವು. ನಕಲು ಮಾಡುವಾಗ ಆದ ತಪ್ಪುಗಳು, ಮೂಲ ಬಿಟ್ಟು ನಡುವಿನವರನ್ನು ಉಲ್ಲೇಖಿಸುವ ಚಾಳಿ, ಒಂದೇ ಅಳತೆ ಹಲವು ಹೆಸರಿನಲ್ಲಿ ಮರಳಿ ಬರುವುದು, ಎಲ್ಲವೂ ಅಲ್ಲಿ ಕಂಡವು. ಮನ್ಸೂರಿ ಮತ್ತು ಸಹಲೇಖಕರು 2016ರಲ್ಲಿ ಫಿಸ್‌ಪ್ರಾಪ್ ದತ್ತಾಂಶವನ್ನು ಶೋಧಿಸಿದಾಗ ತೊಂದರೆ ಇನ್ನೂ ಕೆಳಗಿನ ಮಟ್ಟದಲ್ಲಿತ್ತು: ಕೆಲವು ಸಾಲುಗಳಲ್ಲಿ ಹೆಸರು, ನೋಂದಣಿ ಸಂಖ್ಯೆ, ರಚನೆಯ ಬರಹ ಒಂದೇ ವಸ್ತುವನ್ನು ಸೂಚಿಸುತ್ತಲೇ ಇರಲಿಲ್ಲ. ಬೇರೆ ಅಣುವಿನ ಅಂಕಿಯಿಂದ ಕಲಿತ ಮಾದರಿಗೆ ಎಂಥ ಗಣಿತವೂ ನೆರವಾಗದು.

ಮೈಂಟ್ಸ್‌ನ ಮ್ಯಾಕ್ಸ್ ಪ್ಲಾಂಕ್ ರಸಾಯನ ಸಂಸ್ಥೆಯ ರಾಲ್ಫ್ ಸಾಂಡರ್ ಕಟ್ಟಿದ ಸಂಕಲನ ಈ ದೃಷ್ಟಿಯಿಂದ ಗಮನಾರ್ಹ. 2015ರ ಆವೃತ್ತಿಯಲ್ಲಿ 4632 ವಸ್ತುಗಳ 17350 ಬೆಲೆಗಳಿದ್ದವು. 2023ರದರಲ್ಲಿ 10173 ವಸ್ತುಗಳು, 46434 ಬೆಲೆಗಳು. ಇಷ್ಟನ್ನು ಒಟ್ಟುಗೂಡಿಸಿದ್ದಕ್ಕಿಂತ ಹೆಚ್ಚಿನದು, ಪ್ರತಿ ಬೆಲೆಗೂ ಅದು ಬಂದ ಬಗೆಯ ಗುರುತು ಅಂಟಿಸಿದ್ದು: ವಿಮರ್ಶೆಯಿಂದ ಬಂದದ್ದು, ಅಳೆದದ್ದು, ಆವಿಯೊತ್ತಡದಿಂದ ಲೆಕ್ಕ ಹಾಕಿದ್ದು, ಮೂಲ ಲೇಖನ ಸಿಗದೆ ಬೇರೆಡೆಯಿಂದ ತಂದದ್ದು, ರಚನೆಯಿಂದ ಅಂದಾಜಿಸಿದ್ದು. ಸರಾಸರಿ ತೆಗೆದು ಒಂದೇ ಬೆಲೆ ಉಳಿಸುವ ಆಸೆಗೆ ಅವರು ಬೀಳಲಿಲ್ಲ.

ತಂತ್ರಾಂಶ ಬರೆಯುವವರು ಇಲ್ಲಿಂದ ತೆಗೆದುಕೊಳ್ಳಬೇಕಾದದ್ದು ಸಾಲಿನ ರಚನೆಯನ್ನು. ಮೂಲದಲ್ಲಿ ಅಚ್ಚಾದ ಅಂಕಿಯನ್ನು, ಅಚ್ಚಾದ ಏಕಮಾನದಲ್ಲೇ, ಮುಟ್ಟದೆ ಇಡಬೇಕು. ಅದರ ಪಕ್ಕದಲ್ಲಿ ದಿಕ್ಕು, ಉಷ್ಣತೆ, ಇಳಿಜಾರು ಯಾವ ವ್ಯಾಖ್ಯೆಯದು, ಅದು ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ, ನೀರು ಸಿಹಿಯೋ ಉಪ್ಪೋ, ಬೆಲೆ ಮೂಲದ್ದೋ ಪರಿಣಾಮಕಾರಿಯೋ ಎಂಬುದಿರಬೇಕು. ಪರಿವರ್ತನೆ ತೋರಿಸುವ ಹೊತ್ತಿನಲ್ಲಿ ಆಗಲಿ, ಕೂಡಿಡುವ ಹೊತ್ತಿನಲ್ಲಿ ಬೇಡ. ಏಕೆಂದರೆ ಒಮ್ಮೆ ಪರಿವರ್ತಿಸಿ ಉಳಿಸಿದ ಅಂಕಿಯಿಂದ ತಪ್ಪನ್ನು ಹಿಂದಕ್ಕೆ ಹುಡುಕಲಾಗದು. ಬಳಕೆದಾರ ತಾನೇ ಟೈಪು ಮಾಡಿದ ಬೆಲೆ ಅಳೆದ ಬೆಲೆಯನ್ನು ಅಳಿಸಿ ಕೂರುವುದು ಈಗ ಸಾಮಾನ್ಯ. ಆ ಬೆಲೆಯೂ ಹೊಸ ಸಾಲಾಗಿಯೇ ಸೇರಲಿ, ಯಾರು ಯಾವಾಗ ಏಕೆ ಎಂಬ ಟಿಪ್ಪಣಿಯೊಡನೆ, ಮತ್ತು ವರದಿಯಲ್ಲಿ ಆ ಟಿಪ್ಪಣಿ ಕಾಣಲಿ. ತಪ್ಪೆಂದು ಗೊತ್ತಾದ ಸಾಲನ್ನು ಅಳಿಸಿಬಿಡಬಾರದು: ಸಾಂಡರ್ ತಪ್ಪು ಬೆಲೆಗಳಿಗೂ ಒಂದು ಅಕ್ಷರ ಕೊಟ್ಟು ಕೋಷ್ಟಕದಲ್ಲೇ ಉಳಿಸಿಕೊಂಡಿದ್ದಾರೆ. ಮುಂದೆ ಯಾರಾದರೂ ಹಳೆಯ ಪುಸ್ತಕದಲ್ಲಿ ಅದೇ ಅಂಕಿಯನ್ನು ಕಂಡು ಹೊಸದೆಂದು ಹೊತ್ತು ತಂದರೆ, ಅದು ಈಗಾಗಲೇ ಅಲ್ಲಿ ಕುಳಿತಿರುತ್ತದೆ, ಏಕೆ ತಪ್ಪು ಎಂಬ ಟಿಪ್ಪಣಿಯ ಜೊತೆ.